ಎರಡು ಗುಂಟೆಯ ಪಾಠಶಾಲೆ: ಸಣ್ಣ ಹಿಡುವಳಿದಾರರ ಕೃಷಿ ಕಾರ್ಯಾಗಾರದಲ್ಲಿ ನಾವು ಕಲಿಸುವುದೇನು, ಕಲಿತದ್ದೇನು

ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ಕೃಷಿ ಕಾರ್ಯಾಗಾರಗಳ ಕುರಿತು ಭಕ್ತರು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಹಳ್ಳಿಯಲ್ಲಿ ನೆಲೆಸಿ ಒಕ್ಕಲುತನ ಮಾಡುವವರು, "ಅಲ್ಲಿಗೆ ಬಂದರೆ ನಮಗೇನು ಸಿಗುತ್ತದೆ?" ಎನ್ನುತ್ತಾರೆ. ಪಟ್ಟಣ ಸೇರಿದವರು, "ಕೃಷಿ ಇಲಾಖೆ, ವಿಶ್ವವಿದ್ಯಾಲಯಗಳು ಇರುವಾಗ ಮಠಕ್ಕೆ ಈ ಕಾರ್ಯವೇಕೆ?" ಎನ್ನುತ್ತಾರೆ. ಎರಡನ್ನೂ ಕುರಿತು ಒಮ್ಮೆ ವಿಸ್ತಾರವಾಗಿ ಹೇಳುವುದು ಉಚಿತವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಒಕ್ಕಲುತನವನ್ನೇ ಕಾಯಕವಾಗಿಸಿಕೊಂಡ ಒಕ್ಕಲಿಗ ಮುದ್ದಣ್ಣನಂತಹ ಶರಣರಿದ್ದ ಪರಂಪರೆ ನಮ್ಮದು. ಮಠಗಳ ದಾಸೋಹಕ್ಕೆ ಬರುವ ಜೋಳ, ಕಡಲೆ, ಬೇಳೆಗಳು ಬಂದಿರುವುದೇ ಈ ಸಣ್ಣ ಹಿಡುವಳಿಗಳಿಂದ. ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಕೊಲ್ಲಾಪುರದ ಬಳಿಯ ಕಣೇರಿಯ ಸಿದ್ಧಗಿರಿ ಮಠದ ಸಾವಯವ ಕೃಷಿ ಇವುಗಳನ್ನು ಕಂಡವರಿಗೆ ಮಠ ಮತ್ತು ಹೊಲದ ನಡುವಿನ ಸಂಬಂಧವನ್ನು ವಿವರಿಸಬೇಕಾಗಿಲ್ಲ. ನಮ್ಮದು ಅವುಗಳಿಗಿಂತ ಬಹಳ ಸಣ್ಣ ಪ್ರಯತ್ನ.

ಮೊದಲನೆಯ ಪ್ರಶ್ನೆಯೇ ಕಠಿಣವಾದುದು. ಅದಕ್ಕೆ ಉತ್ತರಿಸುವ ಮುನ್ನ ನಮ್ಮಿಂದಾದ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಕಾರ್ಯಾಗಾರದ ಆರಂಭದ ವರ್ಷದಲ್ಲಿ ನಾವು ಸಭಾಂಗಣದಲ್ಲಿ ಒಂದು ದಿನದ ಉಪನ್ಯಾಸ ಏರ್ಪಡಿಸಿದೆವು. ರಾಸಾಯನಿಕ ಗೊಬ್ಬರವನ್ನು ಪೂರ್ತಿ ಬಿಟ್ಟುಬಿಡಿ, ಜೀವಾಮೃತ ಹಾಕಿ, ಭೂಮಿತಾಯಿ ಕೈಬಿಡುವುದಿಲ್ಲ ಎಂದೆವು. ಕೇಳಿದವರು ತಲೆದೂಗಿದರು. ದಾಸೋಹ ಮುಗಿಸಿ ಊರಿಗೆ ಹೋದರು. ಅವರಲ್ಲಿ ಒಬ್ಬರು ನಮ್ಮ ಮಾತನ್ನು ಪೂರ್ಣವಾಗಿ ನಂಬಿ, ತಮಗಿದ್ದ ಎರಡು ಎಕರೆ ಗೋವಿನಜೋಳಕ್ಕೆ ಒಂದು ಚೀಲ ಗೊಬ್ಬರವನ್ನೂ ಹಾಕಲಿಲ್ಲ. ತೆನೆಗಳು ಗೇಣುದ್ದವೂ ಬರಲಿಲ್ಲ. ಮರುವರ್ಷ ಅವರು ಮತ್ತೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಪ್ರಶ್ನೋತ್ತರದ ವೇಳೆಯಲ್ಲಿ ಎದ್ದು, "ನೀವು ಹೇಳಿದ್ದು ಖರೆ ಇರಬಹುದ್ರೀ. ಆದ್ರ ಅದು ಖರೆ ಆಗೂತನಕಾ ನಾವು ಉಣ್ಣೂದೇನು?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

2015-16ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಗಳಲ್ಲಿ ಸುಮಾರು ಶೇ. 86ರಷ್ಟು ಎರಡು ಹೆಕ್ಟೇರ್, ಅಂದರೆ ಐದು ಎಕರೆಗಿಂತ ಕಡಿಮೆಯವು. ಇಷ್ಟು ಸಣ್ಣ ಹಿಡುವಳಿಯವನಿಗೆ ಒಂದು ಹಂಗಾಮು ಕೈಕೊಟ್ಟರೆ ಅದು ಬರಿಯ ನಷ್ಟವಾಗಿ ಉಳಿಯುವುದಿಲ್ಲ. ಸಾಲವಾಗುತ್ತದೆ, ಮಗಳ ಓದು ನಿಲ್ಲುತ್ತದೆ, ಎತ್ತು ಸಂತೆಗೆ ಹೋಗುತ್ತದೆ. ಹತ್ತು ಎಕರೆಯವನು ಒಂದು ಎಕರೆಯಲ್ಲಿ ಪ್ರಯೋಗ ಮಾಡಿ ಸೋತರೂ ಉಣ್ಣುತ್ತಾನೆ. ಎರಡು ಎಕರೆಯವನಿಗೆ ಆ ಅವಕಾಶವಿಲ್ಲ. ಸಣ್ಣ ರೈತ ಹೊಸದಕ್ಕೆ ಬೇಗ ಒಪ್ಪುವುದಿಲ್ಲ ಎಂದು ದೂರುವವರು ಇದನ್ನು ಮರೆಯುತ್ತಾರೆ. ನಾವೂ ಮರೆತಿದ್ದೆವು.

ತಪ್ಪು ಎಲ್ಲಿತ್ತೆಂಬುದನ್ನು ಆ ಬಳಿಕ ಲೆಕ್ಕ ಹಾಕಿ ನೋಡಿದೆವು. ಈಗ ಪ್ರತಿ ತಂಡಕ್ಕೂ ಹಲಗೆಯ ಮೇಲೆ ಇದೇ ಲೆಕ್ಕವನ್ನು ಬರೆದು ತೋರಿಸುತ್ತೇವೆ. ಒಂದು ಟನ್ ಕಾಳು ಕೊಡಲು ಗೋವಿನಜೋಳದ ಬೆಳೆ ಸುಮಾರು 20ರಿಂದ 25 ಕೆ.ಜಿ. ಸಾರಜನಕವನ್ನು ಹೀರಿಕೊಳ್ಳುತ್ತದೆ. ಜೀವಾಮೃತಕ್ಕೆ 200 ಲೀಟರ್ ನೀರಿನಲ್ಲಿ 10 ಕೆ.ಜಿ. ಸಗಣಿ, 10 ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸುತ್ತೇವೆ. ಇಷ್ಟರಲ್ಲಿರುವ ಒಟ್ಟು ಸಾರಜನಕ ಕಾಲು ಕೆ.ಜಿ.ಯ ಆಸುಪಾಸು. ಒಂದು ಟನ್ ಒಳ್ಳೆಯ ತಿಪ್ಪೆಗೊಬ್ಬರದಲ್ಲಿ ಸುಮಾರು 5 ಕೆ.ಜಿ. ಇರುತ್ತದೆ, ಅದೂ ಮೊದಲ ವರ್ಷವೇ ಪೂರ್ತಿ ಬೆಳೆಗೆ ದಕ್ಕುವುದಿಲ್ಲ. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ 20 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಜೀವಾಮೃತವನ್ನು ಪ್ರತಿಪಾದಿಸುವವರು ಅದು ಗೊಬ್ಬರವಲ್ಲ, ಮಣ್ಣಿನ ಜೀವಾಣುಗಳನ್ನು ಎಬ್ಬಿಸುವ ಹೆಪ್ಪು ಎನ್ನುತ್ತಾರೆ. ಆ ಮಾತನ್ನು ಒಪ್ಪೋಣ. ಆದರೆ ಹೆಪ್ಪು ಹಾಕಲು ಪಾತ್ರೆಯಲ್ಲಿ ಹಾಲಿರಬೇಕು. ಹತ್ತಾರು ವರ್ಷ ಸಗಣಿಗೊಬ್ಬರ ಕಾಣದ, ಕಣಿಕೆ, ರವದಿಯನ್ನೆಲ್ಲ ಸುಟ್ಟುಹಾಕಿದ ಹೊಲದಲ್ಲಿ ಆ ಜೀವಾಣುಗಳು ತಿನ್ನುವುದೇನನ್ನು? ಮೊದಲು ಮಣ್ಣಿಗೆ ಉಣಿಸು ಕೂಡಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಬೇಕಾಗುತ್ತದೆ. ಅಷ್ಟು ಕಾಲ ಸಂಸಾರವೂ ನಡೆಯಬೇಕು.

ಆದ್ದರಿಂದ ಈಗ ಕಾರ್ಯಾಗಾರದ ಮೊದಲ ನಿಯಮವೇ ಬೇರೆಯಾಗಿದೆ. ಹೊಲವನ್ನೆಲ್ಲ ಬದಲಿಸಬೇಡಿ, ಎರಡು ಗುಂಟೆ ಬಿಡಿ ಎನ್ನುತ್ತೇವೆ. ನಲವತ್ತು ಗುಂಟೆಯ ಎಕರೆಯಲ್ಲಿ ಎರಡು ಗುಂಟೆ ಎಂದರೆ ಇಪ್ಪತ್ತನೆಯ ಒಂದು ಭಾಗ. ಅಲ್ಲಿ ಪೂರ್ತಿ ಸೋತರೂ ಮನೆಯ ಕಾಳಿನ ಚೀಲ ಬರಿದಾಗುವುದಿಲ್ಲ. ಅದರ ಪಕ್ಕದಲ್ಲೇ ಮತ್ತೆರಡು ಗುಂಟೆಯನ್ನು ಎಂದಿನಂತೆಯೇ ಬೆಳೆಯಬೇಕು. ಸುಗ್ಗಿಯಲ್ಲಿ ಎರಡರ ಕಾಳನ್ನೂ ಬೇರೆ ಬೇರೆ ತೂಗಿ ಇಪ್ಪತ್ತರಿಂದ ಗುಣಿಸಿದರೆ ಎಕರೆಯ ಇಳುವರಿ ಕೈಗೆ ಬರುತ್ತದೆ. ಜೊತೆಗೆ ಒಂದು ನೋಟುಪುಸ್ತಕದಲ್ಲಿ ಬೀಜ, ಗೊಬ್ಬರ, ಔಷಧ, ಆಳು, ಟ್ರ್ಯಾಕ್ಟರ್ ಬಾಡಿಗೆಗಳ ಖರ್ಚನ್ನು ಬರೆಯಬೇಕು. ಮನೆಯವರ ದುಡಿಮೆಯ ದಿನಗಳನ್ನೂ ಬರೆಯಿರಿ ಎಂದಾಗ ಹಲವರು ನಗುತ್ತಾರೆ. ಬರೆದು ನೋಡಿದವರು ಆಮೇಲೆ ನಗುವುದಿಲ್ಲ.

ಈ ಕ್ರಮ ನಾವು ಕಂಡುಹಿಡಿದದ್ದಲ್ಲ. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಬಾಧೆ ಮಿತಿಮೀರಿ, ಕೀಟನಾಶಕ ಹೆಚ್ಚಿದಷ್ಟೂ ಹುಳುವೂ ಹೆಚ್ಚಾಗುತ್ತಿದ್ದಾಗ, ಅಲ್ಲಿನ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಹುಳುವನ್ನು ತಿನ್ನುತ್ತಿದ್ದ ಜೇಡ ಮುಂತಾದ ಮಿತ್ರಜೀವಿಗಳನ್ನು ಔಷಧವೇ ಮೊದಲು ಕೊಲ್ಲುತ್ತಿತ್ತೆಂಬುದು ತಿಳಿದಿತ್ತು. ಆದರೆ ಅದನ್ನು ಲಕ್ಷಾಂತರ ರೈತರಿಗೆ ತಿಳಿಸುವುದು ಹೇಗೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1989ರಲ್ಲಿ ಅಲ್ಲಿ ಆರಂಭವಾದದ್ದೇ ರೈತ ಕ್ಷೇತ್ರ ಪಾಠಶಾಲೆ. ಇಪ್ಪತ್ತೈದು ಮೂವತ್ತು ಜನರ ತಂಡ ವಾರಕ್ಕೊಮ್ಮೆ, ಬಿತ್ತನೆಯಿಂದ ಕೊಯ್ಲಿನವರೆಗೆ, ಗದ್ದೆಯಲ್ಲೇ ಸೇರುತ್ತದೆ. ತಾವು ಕಂಡದ್ದನ್ನು ದೊಡ್ಡ ಹಾಳೆಯ ಮೇಲೆ ಚಿತ್ರಿಸಿ, ಈ ವಾರ ಏನು ಮಾಡಬೇಕೆಂದು ತಾವೇ ನಿರ್ಧರಿಸುತ್ತದೆ. ಅಲ್ಲಿ ಉಪನ್ಯಾಸಕ್ಕೆ ಎಡೆಯಿಲ್ಲ. ನಮ್ಮ ಕೃಷಿ ಇಲಾಖೆಯೂ ಇದೇ ಹೆಸರಿನ ಪಾಠಶಾಲೆಗಳನ್ನು ನಡೆಸಿದೆ. ಹಂಗಾಮು ಪೂರ್ತಿ ನಿಂತು ನಡೆಸಿದ ಕಡೆ ಅದರ ಫಲ ಕಾಣುತ್ತದೆ. ಬ್ಯಾನರ್ ಕಟ್ಟಿ ಛಾಯಾಚಿತ್ರ ತೆಗೆಸಿಕೊಂಡು ಮುಗಿಸಿದ ಕಡೆ ಏನೂ ಉಳಿಯುವುದಿಲ್ಲ ಎಂಬುದನ್ನು ನಮ್ಮ ಮೊದಲ ವರ್ಷವೇ ನಮಗೆ ಕಲಿಸಿತ್ತು.

ನಮ್ಮ ತಂಡಗಳ ಮೊದಲ ಪಾಠ ರೋಹಿಣಿ ಮಳೆಗೆ ಮುನ್ನ, ಅಂದರೆ ಮೇ ತಿಂಗಳಲ್ಲಿ, ಒಂದು ಹೆಂಟೆ ಮಣ್ಣಿನಿಂದ ಆರಂಭವಾಗುತ್ತದೆ. ಹೊಲದ ನಡುವಿನಿಂದ ಒಂದು ಒಣ ಹೆಂಟೆ, ಅದೇ ಹೊಲದ ಬದುವಿನ ಮೇಲೆ ಬೇವಿನ ಬುಡದಿಂದ ಇನ್ನೊಂದು ಹೆಂಟೆ ತರಲು ಹೇಳುತ್ತೇವೆ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ ಒಂದೊಂದನ್ನು ಇಳಿಬಿಡುತ್ತೇವೆ. ಹೊಲದ ನಡುವಿನ ಹೆಂಟೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕರಗಿ ರಾಡಿಯಾಗಿ ತಳ ಸೇರುತ್ತದೆ. ಬದುವಿನ ಹೆಂಟೆ ಬಹಳ ಹೊತ್ತು ಇಡಿಯಾಗಿ ನಿಲ್ಲುತ್ತದೆ, ನೀರೂ ತಿಳಿಯಾಗಿರುತ್ತದೆ. ಎರಡೂ ಒಂದೇ ಎರೆಮಣ್ಣು. ಒಂದರಲ್ಲಿ ಬೇರು, ಕೊಳೆತ ಎಲೆ, ಜೀವಾಣುಗಳ ಅಂಟು ಮಣ್ಣಿನ ಕಣಗಳನ್ನು ಹಿಡಿದಿಟ್ಟಿವೆ. ಇನ್ನೊಂದರಲ್ಲಿ ಆ ಹಿಡಿತ ಹೋಗಿದೆ. ಸಾವಯವ ಇಂಗಾಲವೆಂಬ ಪದವನ್ನು ಹತ್ತು ಬಾರಿ ಹೇಳಿದರೂ ಆಗದ ಕೆಲಸ ಆ ಎರಡು ಲೋಟಗಳಿಂದ ಆಗುತ್ತದೆ. ಮಣ್ಣು ಆರೋಗ್ಯ ಚೀಟಿಯನ್ನು ಓದುವ ಕ್ರಮವನ್ನೂ ಅಂದೇ ಹೇಳಿಕೊಡುತ್ತೇವೆ. 2015ರಿಂದ ಈ ಚೀಟಿಗಳು ಮನೆಮನೆಗೆ ಬಂದಿವೆಯಾದರೂ ಬಹಳಷ್ಟು ಪೆಟ್ಟಿಗೆಯಲ್ಲಿ ರೇಷನ್ ಕಾರ್ಡಿನ ಜೊತೆ ಮಡಚಿ ಕುಳಿತಿವೆ.

ಅನಂತರ ಬರುವುದು ನೀರಿನ ಪಾಠ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಒಂದು ಇಂಚು ಮಳೆಯೆಂದರೆ ಲಕ್ಷ ಲೀಟರ್. ಟ್ಯಾಂಕರಿಗೆ ಹಣ ಕೊಟ್ಟು ಅಡಿಕೆ ಉಳಿಸಿಕೊಂಡವರನ್ನು ಕಂಡಿರುವ ನಮ್ಮ ರೈತರಿಗೆ ಈ ಅಂಕಿ ಕೂಡಲೇ ತಟ್ಟುತ್ತದೆ. ಹರಿದುಹೋಗುವ ನೀರು ಒಂಟಿಯಾಗಿ ಹೋಗುವುದಿಲ್ಲ. ಎಕರೆಯ ಮೇಲಿನಿಂದ ಒಂದು ಮಿಲಿಮೀಟರ್ ದಪ್ಪದ ಪದರ ಕೊಚ್ಚಿಹೋದರೆ ಸುಮಾರು ಐದು ಟನ್ ಮಣ್ಣು ಹೋದಂತೆ. ಅದನ್ನು ತಡೆಯಲು ಇಳಿಜಾರಿಗೆ ಅಡ್ಡಲಾಗಿ ಕೂರಿಗೆ ಹೊಡೆಯಬೇಕು, ಸಮಪಾತಳಿಯಲ್ಲಿ ಬದು ಹಾಕಬೇಕು. ಸಮಪಾತಳಿಯನ್ನು ಕಂಡುಹಿಡಿಯಲು ಎಂಜಿನಿಯರ್ ಬೇಕಾಗಿಲ್ಲ. ಆಳೆತ್ತರದ ಎರಡು ಬಿದಿರುಗಳನ್ನು ತುದಿಯಲ್ಲಿ ಕಟ್ಟಿ, ಕಾಲು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿದು, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಸಾಕು. ದಾರ ಅಡ್ಡಪಟ್ಟಿಯ ಮಧ್ಯದ ಗುರುತಿಗೆ ಬಂದಾಗ ಎರಡೂ ಕಾಲುಗಳು ಒಂದೇ ಮಟ್ಟದಲ್ಲಿವೆಯೆಂದು ಅರ್ಥ. ಹೀಗೆ ಒಂದು ಕಾಲನ್ನು ಊರಿ ಇನ್ನೊಂದನ್ನು ತಿರುಗಿಸುತ್ತ, ಗೂಟ ನೆಡುತ್ತ ಹೋದರೆ ಹೊಲದ ಮೇಲೆ ಗೆರೆ ತಾನಾಗಿ ಮೂಡುತ್ತದೆ. ಎರೆಹೊಲದಲ್ಲಿ ನೀರು ಬೇಗ ಇಂಗುವುದಿಲ್ಲವಾದ್ದರಿಂದ ಬದುವಿಗೆ ಕಲ್ಲಿನ ಕೋಡಿ ಇಡದಿದ್ದರೆ ಒಡ್ಡೇ ಒಡೆದುಹೋಗುತ್ತದೆಂಬುದನ್ನು ಮಾತ್ರ ಮರೆಯಬಾರದು. ಈ ಎಚ್ಚರಿಕೆಯನ್ನು ಹಿರಿಯರೊಬ್ಬರು ನಮಗೇ ಹೇಳಿಕೊಟ್ಟರು. ನಮ್ಮ ಪಾಠದ ಟಿಪ್ಪಣಿಯಲ್ಲಿ ಅದಿರಲಿಲ್ಲ.

ಆದರೆ ಗೂಟ ನೆಟ್ಟ ಗೆರೆ ಒಬ್ಬರ ಹೊಲದಲ್ಲಿ ನಿಲ್ಲುವುದಿಲ್ಲ. ಅಣ್ಣತಮ್ಮಂದಿರು ಹಂಚಿಕೊಂಡ ಹೊಲಗಳು ಇಳಿಜಾರಿನ ಉದ್ದಕ್ಕೂ ಪಟ್ಟಿ ಪಟ್ಟಿಯಾಗಿ ಸೀಳಿಹೋಗಿವೆ. ಮೇಲಿನವನು ಬಿಟ್ಟ ನೀರು ಕೆಳಗಿನವನ ಬದುವನ್ನು ಒಡೆಯುತ್ತದೆ. ಅದರಿಂದ ಎಷ್ಟು ಮನೆಗಳಲ್ಲಿ ಮಾತು ನಿಂತಿದೆಯೆಂಬುದು ಹಳ್ಳಿಯವರಿಗೆ ಗೊತ್ತು. ಆ ಕಾರಣದಿಂದಲೇ ಈಗ ನಾವು ಹೆಸರು ಬರೆದುಕೊಳ್ಳುವಾಗ ಒಬ್ಬೊಬ್ಬರನ್ನಾಗಿ ಬರೆದುಕೊಳ್ಳುವುದಿಲ್ಲ. ಒಂದೇ ಹಳ್ಳದ ನೆತ್ತಿಯಿಂದ ಬುಡದವರೆಗಿನ ಹೊಲದವರು ಒಂದು ತಂಡ. ಮಠದ ಅಂಗಳದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರು ಮರುದಿನ ಕೋಡಿ ಎಲ್ಲಿಡಬೇಕೆಂದು ಮಾತನಾಡುವುದು ತುಸು ಸುಲಭವಾಗುತ್ತದೆ. ಇಲಾಖೆಗೆ ಮಾಡಲಾಗದ್ದನ್ನು ಮಠ ಮಾಡಬಹುದಾದ ಸ್ಥಳವೊಂದಿದ್ದರೆ ಅದು ಇದೇ ಎಂದು ನಮಗೆ ತೋರುತ್ತದೆ. ಎಲ್ಲ ಕಡೆ ಇದು ಫಲಿಸಿಲ್ಲ. ಒಂದು ಹಳ್ಳಿಯಲ್ಲಿ ಬದುವಿನ ವ್ಯಾಜ್ಯ ಇಂದಿಗೂ ನ್ಯಾಯಾಲಯದಲ್ಲಿದೆ, ತಂಡ ಒಡೆದುಹೋಗಿದೆ.

ಬೀಜದ ಪಾಠಕ್ಕೆ ಬಂದಾಗ ಕಲಿಸುವವರೂ ಕಲಿಯುವವರೂ ಅದಲುಬದಲಾಗುತ್ತಾರೆ. ಮೊದಮೊದಲು ಕಾರ್ಯಾಗಾರಕ್ಕೆ ಗಂಡಸರೇ ಬರುತ್ತಿದ್ದರು. ಬೀಜ ಆರಿಸುವವರು, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಇಡುವವರು, ಕಳೆ ತೆಗೆಯುತ್ತ ಸಾಲು ಸಾಲನ್ನೂ ಕಣ್ಣಾರೆ ನೋಡುವವರು ಮನೆಯಲ್ಲಿ ಉಳಿಯುತ್ತಿದ್ದರು. ತಾಯಂದಿರು ಏಕೆ ಬರುವುದಿಲ್ಲವೆಂದು ವಿಚಾರಿಸಿದಾಗ ಕಾರಣ ಬಹಳ ಸರಳವಾಗಿತ್ತು: ಬೆಳಗಿನ ಒಂಬತ್ತು ಗಂಟೆಗೆ ಅವರ ಕೈ ಬಿಡುವಾಗಿರುವುದಿಲ್ಲ. ಈಗ ಬೀಜದ ಪಾಠ ಮಧ್ಯಾಹ್ನ ಎರಡರ ಮೇಲೆ, ಅದೂ ಹಳ್ಳಿಯ ಗುಡಿಯ ಕಟ್ಟೆಯಲ್ಲೇ ನಡೆಯುತ್ತದೆ. ಹಗೇವಿನಲ್ಲಿ ಜೋಳ ಕೆಡದಂತೆ ಇಡುತ್ತಿದ್ದ ಬಗೆಯನ್ನು ವಿವರಿಸಿದ ಅಜ್ಜಿಯರಿಂದ ನಾವು ಕಲಿತದ್ದು ಹೆಚ್ಚು. ನಾವು ಸೇರಿಸುವುದು ಮೊಳಕೆ ಪರೀಕ್ಷೆಯನ್ನು. ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಿನಲ್ಲಿ ನಾಲ್ಕೈದು ದಿನ ತೇವ ಆರದಂತೆ ನೋಡಿಕೊಂಡು ಬಿಚ್ಚಿ ಎಣಿಸುವುದು. ಸೋಯಾಬೀನಿನಲ್ಲಿ ನೂರಕ್ಕೆ ಎಪ್ಪತ್ತಾದರೂ ಮೊಳೆಯಬೇಕು. ಕಡಿಮೆ ಬಂದರೆ ಬಿತ್ತುವ ಪ್ರಮಾಣ ಹೆಚ್ಚಿಸಬೇಕು, ತೀರ ಕಡಿಮೆಯಾದರೆ ಆ ಬೀಜವನ್ನು ಬಿಡಬೇಕು. ಸೋಯಾಬೀನಿನ ಸಿಪ್ಪೆ ಬಹಳ ತೆಳುವಾದುದರಿಂದ ಬೀಜಕ್ಕಾಗಿ ಇಡುವುದನ್ನು ಯಂತ್ರಕ್ಕೆ ಹಾಕದೆ ಕೈಯಿಂದ ಬಡಿಯುವುದು ಲೇಸು. ಹೈಬ್ರಿಡ್ ಗೋವಿನಜೋಳದ ಕಾಳನ್ನು ಬೀಜಕ್ಕೆ ಇಡಬಾರದೆಂಬುದನ್ನೂ ಸ್ಪಷ್ಟವಾಗಿ ಹೇಳುತ್ತೇವೆ. ಸ್ವಂತ ಬೀಜದ ಮೇಲಿನ ಅಭಿಮಾನದಿಂದ ಹಾಗೆ ಮಾಡಿ ಕೈಸುಟ್ಟುಕೊಂಡವರಿದ್ದಾರೆ.

ಅಕ್ಕಡಿ ಬೆಳೆಯ ವಿಷಯದಲ್ಲಿ ನಾವು ಹೊಸದೇನನ್ನೂ ಹೇಳಬೇಕಾಗಿಲ್ಲ. ಶೇಂಗಾದ ನಡುವೆ ತೊಗರಿಯ ಸಾಲು, ಹಿಂಗಾರಿ ಜೋಳದ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬೆ, ಮುಂಗಾರಿನಲ್ಲಿ ಹೆಸರು ತೆಗೆದು ಅದೇ ಹೊಲಕ್ಕೆ ಜೋಳ ಹೀಗೆ ನಮ್ಮ ಸೀಮೆಯ ಒಕ್ಕಲಿಗರು ಸುಸ್ಥಿರ ಎಂಬ ಪದ ಹುಟ್ಟುವ ಮೊದಲೇ ಅದನ್ನು ಮಾಡುತ್ತಿದ್ದರು. ದ್ವಿದಳದ ಬೇರುಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುದನ್ನು ತಿಳಿಸಿ, ಬೆಲ್ಲದ ಅಂಟಿನಿಂದ ಬೀಜಕ್ಕೆ ಅದನ್ನು ಲೇಪಿಸಿ ನೆರಳಿನಲ್ಲಿ ಒಣಗಿಸುವುದನ್ನು ತೋರಿಸುತ್ತೇವೆ. ಬದುವಿನ ಮೇಲೆ ಗೊಬ್ಬರದ ಗಿಡ ನೆಟ್ಟು ವರ್ಷಕ್ಕೆ ಎರಡು ಮೂರು ಬಾರಿ ಸೊಪ್ಪು ಕಡಿದು ಹೊಲಕ್ಕೆ ಹರಡುವುದು ದನವಿಲ್ಲದ ಮನೆಗಳಿಗೆ ಬಹಳ ಒದಗಿದೆ. ಜೀವಾಮೃತವನ್ನೂ ಮಾಡಿಸುತ್ತೇವೆ, ಮೇಲಿನ ಲೆಕ್ಕವನ್ನು ಜೊತೆಗಿಟ್ಟುಕೊಂಡೇ.

ಹುಳುವಿನ ಪಾಠ ಎಣಿಕೆಯ ಪಾಠ. 2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲಿಗೆ ನಮ್ಮ ಶಿವಮೊಗ್ಗದ ಗೋವಿನಜೋಳದಲ್ಲಿ ಕಂಡುಬಂದಿತು. ಅಂದಿನಿಂದ ಒಂದು ಎಲೆ ತೂತಾದುದನ್ನು ಕಂಡರೂ ಹೆದರಿ ಔಷಧದ ಅಂಗಡಿಗೆ ಓಡುವುದು ರೂಢಿಯಾಗಿದೆ. ಮಾರುವವನೇ ಸಲಹೆಗಾರನೂ ಆದಾಗ ಒಂದು ಡಬ್ಬಿಯ ಕಡೆ ಎರಡು ಡಬ್ಬಿ ಬರುತ್ತವೆ. ಅಂಗಡಿಯವರನ್ನು ದೂರುವುದಕ್ಕಿಂತ ಆ ರೈತನಿಗೆ ಕೇಳಲು ಬೇರೆ ಬಾಗಿಲಿರಲಿಲ್ಲವೆಂಬುದೇ ವ್ಯಥೆ. ತಂಡದವರು ಹೊಲದ ಐದು ಕಡೆ ನಿಂತು, ಇಪ್ಪತ್ತಿಪ್ಪತ್ತು ಗಿಡಗಳ ಸುಳಿ ಬಿಡಿಸಿ ನೋಡುತ್ತಾರೆ. ನೂರು ಗಿಡಗಳಲ್ಲಿ ಎಷ್ಟಕ್ಕೆ ಹುಳು ತಗಲಿದೆ, ಎಷ್ಟು ಗುಲಗಂಜಿ ಹುಳು, ಜೇಡಗಳಿವೆ ಎಂದು ಬರೆದುಕೊಳ್ಳುತ್ತಾರೆ. ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಅಲ್ಲಿಯೇ ಹಿಸುಕುತ್ತಾರೆ. ಸಿಂಪಡಿಸಬೇಕೋ ಬೇಡವೋ ಎಂಬ ಮಾತು ಎಣಿಕೆ ಮುಗಿದ ಮೇಲೆ. ಕೆಲವು ವಾರ ಸಿಂಪಡಿಸಲೇಬೇಕಾಗುತ್ತದೆ, ಅದನ್ನು ಮರೆಮಾಚುವುದಿಲ್ಲ.

ಇನ್ನು ಪಟ್ಟಣದಲ್ಲಿ ನೆಲೆಸಿರುವ, ಊರಿನಲ್ಲಿ ಹೊಲವಿರುವ ಭಕ್ತರಲ್ಲಿ ಒಂದು ವಿನಂತಿ. ಕಾರ್ಯಾಗಾರಕ್ಕೆ ಬರುವವರಲ್ಲಿ ಅನೇಕರು ಸ್ವಂತ ಹೊಲದವರಲ್ಲ, ಲಾವಣಿಗೆ ಮಾಡುವವರು. ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯ ಬಳಿಕ ಗೇಣಿಗೆ ಅವಕಾಶವಿಲ್ಲದಿರುವುದರಿಂದ ಇವೆಲ್ಲ ಬಾಯಿಮಾತಿನ ವ್ಯವಹಾರ, ವರ್ಷ ವರ್ಷಕ್ಕೆ ಕೈ ಬದಲಾಗುವಂಥವು. ಯುಗಾದಿಗೆ ಹೊಲ ತನ್ನ ಕೈಯಲ್ಲಿರುತ್ತದೆಯೋ ಇಲ್ಲವೋ ತಿಳಿಯದವನು ಐದು ವರ್ಷಕ್ಕೆ ಫಲ ಕೊಡುವ ಬದುವನ್ನು ಏಕೆ ಹಾಕಿಯಾನು? ಅವನಿಗೆ ನಾವು ಮಣ್ಣಿನ ಪಾಠ ಹೇಳುವುದು ಅನ್ಯಾಯವೆಂದೇ ಕೆಲವೊಮ್ಮೆ ಅನ್ನಿಸಿದೆ. ಹೊಲ ನಿಮ್ಮದು, ಮಣ್ಣು ಉಳಿದರೆ ಉಳಿಯುವುದು ನಿಮ್ಮ ಆಸ್ತಿ. ಬದು, ಕೋಡಿ, ಗೊಬ್ಬರದ ಗಿಡಗಳ ಖರ್ಚನ್ನು ನೀವೇ ವಹಿಸಿಕೊಳ್ಳಿ. ಒಂದೆರಡು ಟ್ರ್ಯಾಕ್ಟರ್ ತಿಪ್ಪೆಗೊಬ್ಬರ ಹಾಕಿಸಿ. ಜಾತ್ರೆಗೆ ಊರಿಗೆ ಬಂದಾಗ ಹೊಲದವರೆಗೂ ಹೋಗಿ, ದುಡಿಯುವವನ ಜೊತೆ ಬದುವಿನ ಮೇಲೆ ಅರ್ಧ ಗಂಟೆ ಕುಳಿತು ಬನ್ನಿ.

ಆರಂಭದಲ್ಲಿ ಹೇಳಿದ ಆ ಬಂಧುಗಳು ಈಗ ತಮ್ಮ ಹಳ್ಳದ ತಂಡದಲ್ಲಿದ್ದಾರೆ. ಅವರು ಗೋವಿನಜೋಳವನ್ನು ಬಿಟ್ಟಿಲ್ಲ, ಗೊಬ್ಬರವನ್ನೂ ಪೂರ್ತಿ ಬಿಟ್ಟಿಲ್ಲ. ಎರಡು ಗುಂಟೆ ಈಗ ಹತ್ತು ಗುಂಟೆಯಾಗಿದೆ, ಅದರಲ್ಲಿ ತೊಗರಿಯ ಸಾಲುಗಳಿವೆ. ಅವರ ನೋಟುಪುಸ್ತಕವನ್ನು ಹೊಸ ತಂಡದವರಿಗೆ ತೋರಿಸಲು ನಾವು ಕೇಳಿ ಪಡೆಯುತ್ತೇವೆ. ಮೊದಲ ಪುಟದಲ್ಲಿ ಆ ಸೋತ ವರ್ಷದ ಲೆಕ್ಕವೂ ಇದೆ.

ಮುಂಗಾರಿನ ಹೊಸ ತಂಡಗಳು ರೋಹಿಣಿ ಮಳೆಗೆ ಮುನ್ನ ಸೇರುತ್ತವೆ, ಹಿಂಗಾರಿನವು ಹುಬ್ಬಾ ಮಳೆಯ ಹೊತ್ತಿಗೆ. ಬಿತ್ತನೆಯ ವಾರಗಳಲ್ಲಿ ಪಾಠವಿರುವುದಿಲ್ಲ. ಶುಲ್ಕವಿಲ್ಲ, ಪ್ರಸಾದದ ವ್ಯವಸ್ಥೆಯಿದೆ. ಹೆಸರು ಕೊಡುವಾಗ ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಕರೆತನ್ನಿ. ಬರುವಾಗ ಹೊಲದ ನಡುವಿನ ಒಂದು ಹೆಂಟೆ, ಬದುವಿನ ಒಂದು ಹೆಂಟೆ, ಬಿತ್ತಲೆಂದು ಇಟ್ಟಿರುವ ಬೀಜದಲ್ಲಿ ಎಣಿಸಿದ ನೂರು ಕಾಳು ಇವಿಷ್ಟು ಜೊತೆಗಿರಲಿ.